ಜೋಡಿ ಕಾರ್ಬೊರೇಟರಿಗೆ ಮೀನಿನ ತೊಟ್ಟಿ ಪೈಪಿನ ತಕ್ಕಡಿ!

ಮೈಸೂರು: ಅಂಗಡಿಯ ತಕ್ಕಡಿ ಸಾಚಾನೋ ಅಲ್ಲವೋ ಪತ್ತೆ ಮಾಡುವುದು ಹೇಗೆ? ಎರಡು ತಟ್ಟೆಯಲ್ಲಿದ್ದದ್ದನ್ನು ಅದಲು ಬದಲು ಮಾಡಿ ನೋಡಬೇಕು. ಮುಳ್ಳು ಆಗಲೂ ನಡುವೆ ನಿಂತರೆ ತಕ್ಕಡಿ ಸಾಚಾ. ಇದೇ ಹಳೇ ನ್ಯಾಯದ ಮೇಲೆ ನಡೆಯುವ ತಕ್ಕಡಿ ಮೋಟಾರ್ ಸೈಕಲ್ಲಿಗೂ ಉಂಟು. ಬೇಕಾದದ್ದು ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪು ನಾಲ್ಕು ಮೀಟರ್, ಒಂದು ಹಲಗೆ, ಒಂದಿಷ್ಟು ಟೂ-ಟಿ ಆಯಿಲ್. ಅಷ್ಟೇ ಸ್ವಾಮಿ!

ಮೈಸೂರಿನ ಸ್ವಂತ ಗಾಡಿ ಜಾವಾ, ಯೆಜ್ಡಿಗೆ ಈ ತಾಪತ್ರಯವಿಲ್ಲ. 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆಯ ಆ 250 ಸಿ.ಸಿ. ಗಾಡಿಗೆ ಸೈಲೆನ್ಸರ್ ಎರಡಾದರೂ ಸಿಲಿಂಡರ್ ಒಂದೇ, ಕಾರ್ಬೊರೇಟರೂ ಒಂದೇ. ಪೇಚಾಟವೆಲ್ಲ ಎರಡು, ನಾಲ್ಕು ಕಾರ್ಬೊರೇಟರಿನ ಹಳೇ ಫೋರ್ ಸ್ಟ್ರೋಕ್ ಗಾಡಿ ಸಾಕಿದವರದು. 1969ರಲ್ಲಿ ಬಂದ ಜಪಾನಿನ ಹೋಂಡಾ ಸಿಬಿ 750ಕ್ಕೆ ನಾಲ್ಕು ಕಾರ್ಬೊರೇಟರ್!

ಜೋಡೆತ್ತಿನಲ್ಲಿ ಒಂದು ನೊಗ ಎಳೆದು, ಇನ್ನೊಂದು ಬರೀ ಹೆಜ್ಜೆ ಹಾಕಿದರೆ ಗಾಡಿ ಹೇಗೆ ಹೋದೀತು? ಎರಡು ಕಾರ್ಬೊರೇಟರ್ ಸಮನಾಗಿ ತೆರೆಯದಿದ್ದರೆ ಇಲ್ಲೂ ಅದೇ ಪಾಡು. 'ನಿಂತಲ್ಲೇ ನಡುಗ್ತದೆ ಕಣಣ್ಣ, ಪೆಟ್ರೋಲೂ ಕುಡೀತದೆ' ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ತೂಗುವುದು ಹೇಗೆ?

ಪೈಪನ್ನು ಹಲಗೆಗೆ 'ಯು' ಆಕಾರದಲ್ಲಿ ಕಟ್ಟಿ ಅರ್ಧಕ್ಕೆ ಆಯಿಲ್ ತುಂಬಬೇಕು. ಗಾರೆ ಕೆಲಸದವರ ಲೆವೆಲ್ ಪೈಪಿನಲ್ಲಿ ನೀರು ನಿಲ್ಲುವಂತೆ ಎರಡೂ ಕಡೆ ಆಯಿಲ್ ಸಮನಾಗಿ ನಿಲ್ಲುತ್ತದೆ. ಎಂಜಿನ್ ಬಿಸಿಯಾದ ಮೇಲೆ, ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವೆ ಇರುವ ಸಣ್ಣ ಸ್ಕ್ರೂ ಬಿಚ್ಚಿ, ಅಲ್ಲಿ ನಳಿಕೆ ಕೂರಿಸಿ, ಒಂದೊಂದು ತುದಿ ಒಂದೊಂದಕ್ಕೆ ಸಿಕ್ಕಿಸಿದರಾಯಿತು. ನಾಲ್ಕಿದ್ದರೆ ಎರಡೆರಡಾಗಿ ತೂಗಬೇಕು.

ಗಾಡಿ ಸ್ಟಾರ್ಟ್ ಮಾಡಿದರೆ, ಜಾಸ್ತಿ ಹೀರುವ ಕಡೆಗೆ ಆಯಿಲ್ ಏರುತ್ತದೆ. ಆ ಕಡೆಯ ಥ್ರಾಟಲ್ ಹೆಚ್ಚು ಮುಚ್ಚಿದೆ ಎಂದರ್ಥ. ಎರಡನ್ನೂ ಜೋಡಿಸುವ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಮಟ್ಟ ಸಮ ಮಾಡಬೇಕು. ಅನುಮಾನವೇ? ತುದಿಗಳನ್ನು ಅದಲು ಬದಲು ಮಾಡಿ ನೋಡಿ! ಎರಡು ಡಯಲ್ ಗೇಜಿನ ಮುಳ್ಳು ಒಂದಕ್ಕೊಂದು ಸುಳ್ಳು ಹೇಳಬಹುದು. ಒಂದೇ ಪೈಪಿನ ಆಯಿಲ್ ಯಾರ ಪಕ್ಷವನ್ನೂ ವಹಿಸದು.

ಎಂಜಿನ್ ದಮ್ಮಿಗೆ ದಮ್ಮು ಹೀರುವುದರಿಂದ ಆಯಿಲ್ ಕುಣಿಯುತ್ತದೆ. ಮೀನಿನ ತೊಟ್ಟಿಯ ಪುಟ್ಟ ವಾಲ್ವನ್ನು ಎರಡೂ ಕಡೆ ಹಾಕಿ ಕೊಂಚ ಮುಚ್ಚಿದರೆ ತಣ್ಣಗಾಗುತ್ತದೆ. ಒಂದು ತುದಿ ಕಳಚಿದರೆ ಮಾತ್ರ ಆಯಿಲೆಲ್ಲ ಎಂಜಿನ್ನಿನ ಹೊಟ್ಟೆಗೆ! ಟೂ-ಟಿ ಆಯಿಲ್ ಆದರೆ ಹೊಗೆ ಬಿಟ್ಟು ಸುಮ್ಮನಾಗುತ್ತದೆ. ಆದರೂ ಕೈ ಸ್ವಿಚ್ಚಿನ ಮೇಲೇ ಇರಲಿ. ಗಾಡಿ ನಿಂತಲ್ಲೇ ಓಡುವುದರಿಂದ ಎದುರಿಗೊಂದು ಫ್ಯಾನೂ ಇರಲಿ.

ಪಾದರಸ ಬೇಡ!

ಅಪಾಯ ಇರುವುದು ಬೇರೆ ಕಡೆ. ಹಿಂದೆ ದೊಡ್ಡ ವರ್ಕ್‌ಷಾಪುಗಳಲ್ಲಿ ಈ ಕೆಲಸಕ್ಕೆ ಪಾದರಸದ ಗೇಜು ಇರುತ್ತಿತ್ತು. ಪಾದರಸ ನೀರಿನ 13.6ರಷ್ಟು ಭಾರ. ಗಾಳಿಯ ಪೂರ್ತಿ ಒತ್ತಡ ತೂಗಲು ನೀರಾದರೆ 10 ಮೀಟರಿಗೂ ಮೇಲೆ ಪೈಪು ಬೇಕು, ಪಾದರಸಕ್ಕೆ 76 ಸೆಂಟಿಮೀಟರ್ ಸಾಕು. ಇದನ್ನು ಕೇಳಿ ಹಳೇ ಬಿ.ಪಿ. ಯಂತ್ರದ ಪಾದರಸ ಸುರಿಯಲು ಹೊರಡುವವರು ನಿಲ್ಲಬೇಕು. ಅದರ ಆವಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಉಸಿರಿನೊಡನೆ ಒಳಹೊಕ್ಕು ನರ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿದ್ದೂ ಪಾದರಸದ ಗಲಾಟೆಯಿಂದಲೇ.

ಹೀರುವ ಪೂರ್ತಿ ಬಲ ಎಷ್ಟೆಂಬುದು ಇಲ್ಲಿ ಯಾರಿಗೂ ಬೇಕಿಲ್ಲ. ಎರಡರ ನಡುವಿನ ವ್ಯತ್ಯಾಸ ತಿಳಿದರೆ ಸಾಕು. ಅದಕ್ಕೆ ಹಗುರವಾದ ಆಯಿಲೇ ಮೇಲು. ಪಾದರಸ ಒಂದು ಸೆಂಟಿಮೀಟರ್ ತೋರಿಸುವ ವ್ಯತ್ಯಾಸವನ್ನು ಆಯಿಲ್ ಸುಮಾರು 15 ಸೆಂಟಿಮೀಟರ್ ಮಾಡಿ ತೋರಿಸುತ್ತದೆ!

2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಗಾಡಿಗಳಲ್ಲಿ ಕಾರ್ಬೊರೇಟರಿನ ಕಾಲ ಮುಗಿದಂತೆಯೇ. ಹಳೇ ಗಾಡಿ ಉಳಿಸಿಕೊಂಡವರಿಗೆ ಹಳೇ ಮೇಸ್ತ್ರಿ, ಇಲ್ಲವೇ ಸ್ವಂತ ಕೈಯೇ ಗತಿ. ಆ ಮೇಸ್ತ್ರಿಯ ಬಳಿ ಕೆಲಸ ಕಲಿಯುವ ಹುಡುಗ ಅದೇ ನೆಲದ ಮೇಲೆ ಕೂತು ಬುತ್ತಿ ಬಿಚ್ಚುತ್ತಾನೆ. ಆಯಿಲ್ ಚೆಲ್ಲಿದರೆ ಹಳೇ ಬಟ್ಟೆಯಲ್ಲಿ ಒರೆಸಬಹುದು. ಪಾದರಸ ಚೆಲ್ಲಿದರೆ ಒರೆಸುವ ಬಟ್ಟೆಯೇ ಇಲ್ಲ.