ಓದುಗರ ಪ್ರಶ್ನೆಯಿಂದ ಬರಹ ಶುರುವಾಗಲಿ



ಪೋರ್ಟರ್ ರ್ಯಾಂಚ್‌ನ ಈ ಸಮ್ಮೇಳನದಲ್ಲಿ ಅಂತರ್ಜಾಲ ಬರವಣಿಗೆಯ ಬಗ್ಗೆ ಮಾತಾಡಲು ಒಬ್ಬ ಚಾರ್ಟರ್ಡ್ ಅಕೌಂಟೆಂಟ್‌ನನ್ನು ಕರೆದಿದ್ದೀರಿ. ಕಥೆ, ಕವಿತೆ ನನ್ನ ಕ್ಷೇತ್ರವಲ್ಲ. ಓದಿದವರು ಅದನ್ನು ನಂಬಿ ಸಹಿ ಹಾಕುವಂಥ ಬರಹ ನನಗೆ ಗೊತ್ತು. ಆದ್ದರಿಂದ ಒಂದೇ ಉದಾಹರಣೆ ತೆಗೆದುಕೊಳ್ಳುತ್ತೇನೆ: ಎಫ್‌ಬಾರ್, ಅಂದರೆ ಅಮೆರಿಕದ ಹೊರಗಿರುವ ನಮ್ಮ ಹಣಕಾಸು ಖಾತೆಗಳ ವಾರ್ಷಿಕ ವರದಿ. ಇದನ್ನು ಕನ್ನಡದಲ್ಲಿ ವಿವರಿಸುವ ಒಂದು ಪುಟ ಸಿದ್ಧಪಡಿಸಬೇಕು ಎಂದುಕೊಳ್ಳಿ.

ಮೊದಲನೆಯದು ಯೋಜನೆ. ಕಾಯಿದೆ ವ್ಯಾಖ್ಯೆಯಿಂದ ಶುರುವಾಗುತ್ತದೆ. ಓದುಗರು ತಮ್ಮ ಮನೆಯ ಪರಿಸ್ಥಿತಿಯಿಂದ ಶುರುಮಾಡುತ್ತಾರೆ. "ಮೈಸೂರಿನಲ್ಲಿ ಅಪ್ಪನ ಜೊತೆ ಜಂಟಿ ಖಾತೆ ಇದೆ. ದುಡ್ಡು ಅಪ್ಪನದು. ನಾನೂ ತೋರಿಸಬೇಕೇ?" "ನನ್ನದು ಎಚ್-1ಬಿ, ಗ್ರೀನ್ ಕಾರ್ಡ್ ಇಲ್ಲ. ನನಗೂ ಅನ್ವಯಿಸುತ್ತದೆಯೇ?" ಇಂಥ ಐದಾರು ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಪುಟದ ಉಪಶೀರ್ಷಿಕೆಗಳು ಅವೇ. ಯಾವ ಪ್ರಶ್ನೆಗೂ ಉತ್ತರವಾಗದ ವಿಷಯ ಎಷ್ಟೇ ಸ್ವಾರಸ್ಯವಾಗಿದ್ದರೂ ಆ ಪುಟಕ್ಕೆ ಬೇಡ.

ಎರಡನೆಯದು ಕರಡು. ಉತ್ತರ ಮೊದಲು, ಕಾರಣ ಆಮೇಲೆ. "ಹೌದು, ಜಂಟಿ ಖಾತೆಯನ್ನೂ ತೋರಿಸಬೇಕು, ಅರ್ಧವಲ್ಲ, ಪೂರ್ತಿ ಮೊತ್ತ" ಎಂದು ಬರೆದು ನಂತರ ವಿವರಿಸಿ. ಭಯಪಡಿಸದೆ ಸಮಾಧಾನದ ಮಾತನ್ನೂ ಹೇಳಿ: ಎಫ್‌ಬಾರ್ ಬರೀ ಮಾಹಿತಿ, ಅದಕ್ಕಾಗಿ ತೆರಿಗೆ ಕಟ್ಟಬೇಕಾಗಿಲ್ಲ. ಕೊನೆಯ ದಿನ ಏಪ್ರಿಲ್ 15. ತಪ್ಪಿದರೆ, ಅರ್ಜಿ ಹಾಕದೆಯೇ ಅಕ್ಟೋಬರ್ 15ರವರೆಗೆ ಅವಕಾಶವಿದೆ. ಆದಾಯ ತೆರಿಗೆಯ ರಿಟರ್ನ್ ಜೊತೆಗಲ್ಲ, ಫಿನ್‌ಸೆನ್ ಸಂಸ್ಥೆಗೆ ಆನ್‌ಲೈನ್‌ನಲ್ಲೇ ಬೇರೆಯಾಗಿ ಸಲ್ಲಿಸಬೇಕು.

ಮೂರನೆಯದು ತಿದ್ದುವಿಕೆ. ಹೆಚ್ಚಿನ ಸಮಯ ಇಲ್ಲಿ ಕೊಡಿ. ಈ ವಾಕ್ಯ ನೋಡಿ: "ಭಾರತದ ಖಾತೆಯಲ್ಲಿ 10,000 ಡಾಲರ್ ಮೀರಿದರೆ ವರದಿ ಸಲ್ಲಿಸಬೇಕು." ಓದಲು ಚೆನ್ನಾಗಿದೆ, ಆದರೆ ತಪ್ಪು. ಒಬ್ಬರಿಗೆ 4,000, 3,500 ಮತ್ತು 3,000 ಡಾಲರ್‌ನ ಮೂರು ಖಾತೆಗಳಿವೆ ಎನ್ನಿ. ಈ ವಾಕ್ಯ ಓದಿ ಅವರು ಸುಮ್ಮನಾಗುತ್ತಾರೆ. ಒಟ್ಟು 10,500 ಆಗಿರುವುದರಿಂದ ಮೂರನ್ನೂ ತೋರಿಸಲೇಬೇಕು. ತಿದ್ದಿದ ವಾಕ್ಯ ಹೀಗಿರಲಿ: "ವರ್ಷದ ಯಾವುದೇ ದಿನ ನಿಮ್ಮ ಎಲ್ಲ ವಿದೇಶಿ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ಮೀರಿದ್ದರೆ, ಆ ಎಲ್ಲ ಖಾತೆಗಳನ್ನೂ ತೋರಿಸಬೇಕು." ಉದ್ದವಾಯಿತು, ಆದರೆ ಸರಿಯಾಯಿತು.

ಪದವೊಂದರ ಬೆಲೆ ಎಷ್ಟು ಎಂಬುದಕ್ಕೆ ಬಿಟ್ನರ್ ಪ್ರಕರಣವಿದೆ. ಐದು ವರ್ಷಗಳ ವರದಿಗಳನ್ನು ಅವರು ಸಮಯಕ್ಕೆ ಸಲ್ಲಿಸಿರಲಿಲ್ಲ. ದಂಡ ಖಾತೆಗೊಂದೋ, ವರದಿಗೊಂದೋ? ಸರ್ಕಾರ 272 ಖಾತೆಗಳನ್ನು ಎಣಿಸಿ 27.2 ಲಕ್ಷ ಡಾಲರ್ ಕೇಳಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ, ಉದ್ದೇಶಪೂರ್ವಕವಲ್ಲದ ಲೋಪಕ್ಕೆ ದಂಡ ವರದಿಗೊಂದು ಎಂದಿತು. ಮೊತ್ತ 50,000 ಡಾಲರ್‌ಗೆ ಇಳಿಯಿತು.

ಪ್ರಕಟಿಸುವ ಮುನ್ನ ಮೂರು ಕೆಲಸ ಮಾಡಿ. ಅಂಕಿಗಳನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡಿ. ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು, ಅರ್ಥವಾದದ್ದನ್ನು ಅವರ ಮಾತಿನಲ್ಲಿ ಹೇಳಿಸಿ. ಪುಟದ ಮೇಲ್ಭಾಗದಲ್ಲಿ ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಹಾಕಿ. ನಿಯಮಗಳು ಬದಲಾಗುತ್ತವೆ, ಹಳೆಯ ಪುಟ ಮಾತ್ರ ಹಾಗೇ ಉಳಿದು ಹೊಸಬರ ಕಣ್ಣಿಗೆ ಬೀಳುತ್ತದೆ.

ವೀಸಾ, ವಿಮೆ, ಶಾಲೆ, ಯಾವುದರ ಬಗ್ಗೆ ಬರೆದರೂ ಕ್ರಮ ಇದೇ. ಸಿರಿಗನ್ನಡಂ ಗೆಲ್ಗೆ.