ಇಳಿತದ ವೇಳೆಯ ಲೆಕ್ಕ

ಕಡಲು ದಿನಕ್ಕೆರಡು ಬಾರಿ ತನ್ನ ತೆರೆಯನ್ನು ತಾನೇ ಸರಿಸಿ, ಒಳಗಿನ ಸಂಸಾರವನ್ನು ಸ್ವಲ್ಪ ಹೊತ್ತು ಮನುಷ್ಯನ ಕಣ್ಣಿಗೆ ತೋರಿಸಿ, ಮತ್ತೆ ಮುಚ್ಚಿಕೊಳ್ಳುತ್ತದೆ. ಬಂಡೆಗಳಿಂದ ಕೂಡಿದ ತೀರದಲ್ಲಿ ಇಳಿತದ ವೇಳೆಗೆ ತಗ್ಗುಗಳಲ್ಲಿ ಉಳಿದು ನಿಲ್ಲುವ ನೀರಿನ ಪುಟ್ಟ ಮಡುಗಳೇ ಆ ಸಂಸಾರದ ಅಂಗಳಗಳು. ಅಲ್ಲಿ ವಾಸಿಸುವ ಜೀವಿಗಳ ಬಾಳು ಸುಲಭವಾದುದಲ್ಲ: ಒಂದು ಹೊತ್ತು ಅಲೆಯ ಹೊಡೆತ, ಇನ್ನೊಂದು ಹೊತ್ತು ಬಿಸಿಲಿನ ಬೇಗೆ, ಮಳೆ ಸುರಿದರೆ ಉಪ್ಪುನೀರಿನ ಮೇಲೆ ಸಿಹಿನೀರು. ಇಷ್ಟನ್ನೂ ಸಹಿಸಿಕೊಂಡು ಬಂಡೆಯನ್ನು ಬಿಡದೆ ಕಚ್ಚಿಕೊಂಡಿರುವ, ಟೋಪಿಯಾಕಾರದ ಚಿಪ್ಪನ್ನು ಹೊತ್ತ ಬಸವನಹುಳುವಿನ ಬಗೆಯೊಂದಕ್ಕೆ ಲಿಂಪೆಟ್ ಎಂದು ಹೆಸರು. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಶಾಲೆಯ ಮಕ್ಕಳು ಕೈಜೋಡಿಸಿ ನಡೆಸಿಕೊಂಡು ಬಂದಿರುವ ದೀರ್ಘಕಾಲದ ವೀಕ್ಷಣಾಕಾರ್ಯವೊಂದು ‘ಲಿಂಪೆಟ್ಸ್’ ಎಂಬ ಇದೇ ಹೆಸರನ್ನು ಧರಿಸಿದೆ. ಹಿಡಿದುದನ್ನು ಬಿಡದಿರುವುದೇ ಆ ಕಾರ್ಯದ ಗುಣವೂ ಆಗಿರುವುದರಿಂದ ಹೆಸರು ಅನ್ವರ್ಥವಾಗಿದೆ ಎನ್ನಬೇಕು.

ಇದರ ಮೂಲವನ್ನು ಹುಡುಕುತ್ತ ಹೋದರೆ 1970ರ ದಶಕದಲ್ಲಿ ಸಾಂಟಾ ಕ್ರೂಸ್‌ನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಜಾನ್ ಪಿಯರ್ಸ್ ಅವರ ಬಳಿಗೆ ಬರುತ್ತೇವೆ. ಪಾಠವನ್ನು ಕೊಠಡಿಯಲ್ಲಿ ಮುಗಿಸದೆ, ವಿದ್ಯಾರ್ಥಿಗಳನ್ನು ಬಂಡೆಗಳ ಮೇಲೆ ಕರೆದೊಯ್ದು, ಅಲ್ಲಿ ಯಾವ ಜೀವಿ ಎಷ್ಟಿದೆ ಎಂಬುದನ್ನು ಎಣಿಸಿ ಬರೆದಿಡುವ ಅಭ್ಯಾಸವನ್ನು ಅವರು ಆರಂಭಿಸಿದರು. 2020ರಲ್ಲಿ ಅವರು ತೀರಿಕೊಂಡರು, ಅಭ್ಯಾಸವು ತೀರಲಿಲ್ಲ. ಇಂದು ಪೆಸಿಫಿಕ್ ಗ್ರೋವ್‌ನ ಪ್ರಕೃತಿವಿಜ್ಞಾನ ಸಂಗ್ರಹಾಲಯ ಮತ್ತು ಗ್ರೇಟರ್ ಫ್ಯಾರಲೋನ್ಸ್ ಅಸೋಸಿಯೇಷನ್ ಎಂಬ ಸಂಸ್ಥೆಗಳ ಆಶ್ರಯದಲ್ಲಿ ಸಾವಿರಾರು ವಿದ್ಯಾರ್ಥಿಗಳು, ಕೆಲವರು ಬಂಡೆಯ ತೀರಗಳಲ್ಲಿ, ಕೆಲವರು ಮರಳಿನಲ್ಲಿ ಹುದುಗಿರುವ ಪುಟ್ಟ ಏಡಿಗಳ ನಡುವೆ, ಈ ಲೆಕ್ಕವನ್ನು ಮುಂದುವರಿಸುತ್ತಿದ್ದಾರೆ.

ಇಂಥ ಕಾರ್ಯದಲ್ಲಿ ಸಂಯೋಜಕರಾದವರ ಹೊಣೆ ಎಂಥದೆಂಬುದು ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಅವರ ಮೊದಲ ವ್ಯವಹಾರವೇ ಚಂದ್ರನೊಡನೆ. ಆ ಕರಾವಳಿಯಲ್ಲಿ ದಿನದ ಎರಡು ಇಳಿತಗಳು ಸಮನಾಗಿರುವುದಿಲ್ಲ. ಎರಡರಲ್ಲಿ ಹೆಚ್ಚು ತಗ್ಗಾದ ಇಳಿತದಲ್ಲಿ ಮಾತ್ರ, ಅದೂ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಬಂಡೆಯ ಬುಡದ ಭಾಗ ಬಯಲಾಗುತ್ತದೆ. ವಸಂತ ಮತ್ತು ಬೇಸಗೆಯಲ್ಲಿ ಅಂಥ ಇಳಿತ ಬರುವುದು ನಸುಕಿನ ಸುಮಾರಿಗೆ; ಚಳಿಗಾಲದಲ್ಲಿ ಮಧ್ಯಾಹ್ನದ ಮೇಲೆ. ಅದೂ ಒಂದೇ ಗಳಿಗೆಗೆ ನಿಲ್ಲದೆ ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತ ಹೋಗುತ್ತದೆ. ಶಾಲೆಯ ಗಂಟೆಯಾದರೋ ಜಾರುವುದಿಲ್ಲ. ಚಂದ್ರನ ಪಂಚಾಂಗಕ್ಕೂ ಶಾಲೆಯ ವೇಳಾಪಟ್ಟಿಗೂ ಹೊಂದುವ ದಿನಗಳನ್ನು ಹುಡುಕಿ, ಶಿಕ್ಷಕರನ್ನು ಒಪ್ಪಿಸಿ, ತೀರಕ್ಕೆ ಹೋಗುವ ಮೊದಲೇ ತರಗತಿಯಲ್ಲಿ ಚಿತ್ರಗಳನ್ನು ತೋರಿಸಿ ಜೀವಿಗಳ ಗುರುತು ಹಿಡಿಸಿ, ಪಾಚಿಯ ಮೇಲೆ ಜಾರದೆ ಹೆಜ್ಜೆಯಿಡುವುದು ಹೇಗೆ, ಕಡಲಿಗೆ ಬೆನ್ನು ಕೊಟ್ಟು ಏಕೆ ನಿಲ್ಲಬಾರದು, ಹೊರಳಿಸಿದ ಕಲ್ಲನ್ನು ಮೊದಲಿದ್ದಂತೆಯೇ ಏಕೆ ಇಡಬೇಕು ಎಂಬುದನ್ನೆಲ್ಲ ಮನಗಾಣಿಸಿದ ಬಳಿಕವೇ ನಿಜವಾದ ಕೆಲಸ ಮೊದಲಾಗುತ್ತದೆ.

ಆ ಕೆಲಸವನ್ನು ಹತ್ತಿರದಿಂದ ನೋಡೋಣ. ಬಂಡೆಯ ಎತ್ತರದ ಗುರುತಿನಿಂದ ಕಡಲಿನ ಕಡೆಗೆ ಒಂದು ಅಳತೆಪಟ್ಟಿಯನ್ನು ಎಳೆದು ಹಾಸಿದೆ. ಅದರ ಉದ್ದಕ್ಕೂ ಗೊತ್ತಾದ ಅಂತರಗಳಲ್ಲಿ ಅರ್ಧ ಮೀಟರ್ ಅಗಲದ ಚೌಕಟ್ಟೊಂದನ್ನು ಇಡುತ್ತ ಹೋಗುತ್ತಾರೆ. ಚೌಕಟ್ಟಿನೊಳಗೆ ದಾರವನ್ನು ಅಡ್ಡಲಾಗಿಯೂ ಉದ್ದಕ್ಕೂ ಕಟ್ಟಿ ಮನೆಗಳನ್ನು ಮಾಡಿದೆ. ನಮ್ಮ ಚೌಕಾಬಾರದ ಮಣೆಯಲ್ಲಿರುವಷ್ಟೇ, 25 ಮನೆಗಳು. ಇಬ್ಬರು ಮಕ್ಕಳು ಮೊಣಕಾಲೂರಿ ಬಗ್ಗಿದ್ದಾರೆ. ಮೂರನೆಯವಳು ಹಾಳೆ ಹಿಡಿದು ನಿಂತಿದ್ದಾಳೆ. ಪಾಚಿಯಾದರೆ ಅದು ಎಷ್ಟು ಮನೆಗಳಲ್ಲಿ ಕಾಣಿಸುತ್ತದೆಂದು ಹೇಳಬೇಕು. ಪ್ರಾಣಿಯಾದರೆ ಒಂದೊಂದಾಗಿ ಎಣಿಸಬೇಕು. ಬಗ್ಗಿದವರು ಅಂಕಿಯನ್ನು ಕೂಗಿ ಹೇಳಿದರೆ ನಿಂತವಳು ಅದನ್ನು ಮರಳಿ ಉಚ್ಚರಿಸಿಯೇ ಬರೆಯುತ್ತಾಳೆ, ಏಕೆಂದರೆ ಅಲೆಯ ಮೊರೆತದಲ್ಲಿ ಏಳು ಎಂಬುದು ಏಳೋ ಏಳುನೂರೋ ತಿಳಿಯದು. ಎತ್ತರದ ಚೌಕಗಳಲ್ಲಿ ಬಾರ್ನಕಲ್‌ಗಳ ಸುಣ್ಣದ ಗುಬುಟುಗಳು. ನಡುವೆ ನಮ್ಮ ಕರಾವಳಿಯ ಪಚ್ಚಿಲೆಯ ಬಳಗಕ್ಕೆ ಸೇರಿದ ಕಪ್ಪುಚಿಪ್ಪುಗಳ ಒತ್ತಾದ ಹಾಸು. ಇನ್ನೂ ಕೆಳಗೆ ಹೂವಿನಂತೆ ಅರಳಿ, ಮುಟ್ಟಿದರೆ ಮುದುಡುವ ಹಸಿರು ಎನಿಮೋನ್‌ಗಳು. ಬುಡದಲ್ಲಿ ಕಡಲಹುಲ್ಲಿನ ನಡುವೆ ನಕ್ಷತ್ರಮೀನು. ಒಂದು ಹಾದಿಯಲ್ಲಿ ಹತ್ತಿಪ್ಪತ್ತು ಹೆಜ್ಜೆ ಇಳಿಯುವಷ್ಟರಲ್ಲಿ ಹಲವು ಲೋಕಗಳನ್ನು ದಾಟಿದಂತಾಗುತ್ತದೆ.

ಇಲ್ಲಿ ಸಂಯೋಜಕರು ಕಲಿಸಬೇಕಾದ ಅತ್ಯಂತ ಕಠಿಣವಾದ ಪಾಠವೆಂದರೆ ಸೊನ್ನೆಯನ್ನು ಬರೆಯುವುದು. ದೂರದಿಂದ ಬಸ್ಸಿನಲ್ಲಿ ಬಂದ ಮಗುವಿಗೆ ಏನನ್ನಾದರೂ ಕಂಡೇ ಹೋಗಬೇಕೆಂಬ ಆಸೆ ಸಹಜ. ಚೌಕಟ್ಟಿನ ಹೊರಗೆ ಒಂದು ಗೇಣು ದೂರದಲ್ಲಿ ಸೊಗಸಾದ ನಕ್ಷತ್ರಮೀನು ಕುಳಿತಿದ್ದರೆ ಚೌಕಟ್ಟನ್ನು ಕೊಂಚ ಸರಿಸಬಾರದೆ ಎಂದು ಅದು ಕೇಳಿಯೇ ಕೇಳುತ್ತದೆ. ಸರಿಸಬಾರದು. ಸರಿಸಿದ ಕ್ಷಣಕ್ಕೆ ಹಾಳೆಯ ಮೇಲಿರುವುದು ಬಂಡೆಯ ಸ್ಥಿತಿಯಲ್ಲ, ನಮ್ಮ ಬಯಕೆ. ಖಾಲಿ ಬಿಟ್ಟ ಜಾಗವು ಯಾರೂ ನೋಡಲಿಲ್ಲ ಎಂದು ಹೇಳುತ್ತದೆ. ಸೊನ್ನೆಯಾದರೋ ನೋಡಿದೆವು, ಇರಲಿಲ್ಲ ಎಂದು ಸಾಕ್ಷಿ ನುಡಿಯುತ್ತದೆ. ಈ ಎರಡರ ಅಂತರವನ್ನು ಹದಿನೈದು ವರ್ಷದ ಮಗುವೊಂದು ಅರಿತುಕೊಂಡಿತೆಂದರೆ, ಅದು ಮುಂದೆ ವಿಜ್ಞಾನಿಯಾಗಲಿ ಆಗದಿರಲಿ, ಸತ್ಯದೊಡನೆ ವ್ಯವಹರಿಸುವ ಒಂದು ಶೀಲವನ್ನು ಸಂಪಾದಿಸಿತೆಂದೇ ನನ್ನ ಭಾವನೆ.

ಇಂಥ ಲೆಕ್ಕದಿಂದ ಪ್ರಯೋಜನವೇನೆಂದು ಕೇಳುವವರಿಗೆ ಅದೇ ಕರಾವಳಿಯ ಮಾಂಟೆರೆ ಕೊಲ್ಲಿಯಲ್ಲಿಯೇ ಉತ್ತರವಿದೆ. ಅಲ್ಲಿನ ಹಾಪ್‌ಕಿನ್ಸ್ ಸಮುದ್ರವಿಜ್ಞಾನ ಕೇಂದ್ರದಲ್ಲಿ ವಿಲಿಸ್ ಹೆವಾಟ್ ಎಂಬ ವಿದ್ಯಾರ್ಥಿ 1931ರಿಂದ 1933ರವರೆಗೆ ಬಂಡೆಯ ಮೇಲೆ ಒಂದು ರೇಖೆಯನ್ನು ಗೊತ್ತುಮಾಡಿ, ಹಿತ್ತಾಳೆಯ ಮೊಳೆಗಳನ್ನು ನೆಟ್ಟು, ಚೌಕ ಚೌಕವಾಗಿ ಜೀವಿಗಳನ್ನು ಎಣಿಸಿದ್ದನು. ಅರವತ್ತು ವರ್ಷಗಳ ತರುವಾಯ, 1993ರಲ್ಲಿ, ರೇಫ್ ಸ್ಯಾಗರಿನ್ ಮತ್ತು ಸಾರಾ ಗಿಲ್‌ಮನ್ ಎಂಬ ಇಬ್ಬರು ಪದವಿ ವಿದ್ಯಾರ್ಥಿಗಳು ಆ ಮೊಳೆಗಳನ್ನು ಹುಡುಕಿ, ಅದೇ ಚೌಕಗಳನ್ನು ಮತ್ತೆ ಎಣಿಸತೊಡಗಿದರು. ಬೆಚ್ಚನೆಯ ದಕ್ಷಿಣದ ನೀರಿಗೆ ಸೇರಿದ ಒಂಬತ್ತು ಜಾತಿಗಳಲ್ಲಿ ಎಂಟು ಹೆಚ್ಚಿದ್ದವು; ತಂಪಾದ ಉತ್ತರದ ಎಂಟು ಜಾತಿಗಳಲ್ಲಿ ಐದು ಕುಗ್ಗಿದ್ದವು. ಆ ಅವಧಿಯಲ್ಲಿ ತೀರದ ನೀರಿನ ವಾರ್ಷಿಕ ಸರಾಸರಿ ಉಷ್ಣತೆ ಸುಮಾರು ಮುಕ್ಕಾಲು ಡಿಗ್ರಿ ಏರಿತ್ತು. ಅವರೂ ಅವರ ಗುರುಗಳೂ ಸೇರಿ 1995ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಈ ಫಲಿತಾಂಶವು, ಹವಾಮಾನದ ಬದಲಾವಣೆಗೆ ಜೀವಸಮುದಾಯವೇ ನೀಡಿದ ಸಾಕ್ಷ್ಯವೆಂದು ಗಣ್ಯವಾಯಿತು. ಹೆವಾಟನು ಮೊಳೆ ಹೊಡೆಯುವಾಗ ಇದಾವುದೂ ಅವನ ಮನಸ್ಸಿನಲ್ಲಿ ಇದ್ದಿರಲಾರದು. ಅವನು ಕೇವಲ ನಿಷ್ಠೆಯಿಂದ ಎಣಿಸಿದ್ದನು.

ವಿಪತ್ತು ಬಂದಾಗಲೂ ಹಳೆಯ ಲೆಕ್ಕವೇ ಅಳತೆಗೋಲು. 2013ರಿಂದ ಅಲಾಸ್ಕಾದಿಂದ ಮೆಕ್ಸಿಕೊವರೆಗೆ ನಕ್ಷತ್ರಮೀನುಗಳು ಒಂದು ವ್ಯಾಧಿಗೆ ತುತ್ತಾಗಿ, ತೋಳು ಕಳಚಿ, ಮೈ ಕರಗಿ ಅಗಾಧ ಸಂಖ್ಯೆಯಲ್ಲಿ ಸತ್ತವು. ಆ ಜೀವಿ ಎಷ್ಟು ಮುಖ್ಯವೆಂಬುದನ್ನು ಜೀವವಿಜ್ಞಾನಿ ರಾಬರ್ಟ್ ಪೇನ್ 1960ರ ದಶಕದಲ್ಲಿಯೇ ತೋರಿಸಿದ್ದರು: ವಾಷಿಂಗ್‌ಟನ್ ರಾಜ್ಯದ ತೀರವೊಂದರಲ್ಲಿ ಅವರು ನಕ್ಷತ್ರಮೀನುಗಳನ್ನು ಕಿತ್ತು ತೆಗೆದಾಗ ಕಪ್ಪುಚಿಪ್ಪುಗಳು ಬಂಡೆಯನ್ನೆಲ್ಲ ಆಕ್ರಮಿಸಿ, ಅಲ್ಲಿನ 15 ಜಾತಿಗಳು 8ಕ್ಕೆ ಇಳಿದವು. ವ್ಯಾಧಿಯ ಕಾರಣ ಒಂದು ಬ್ಯಾಕ್ಟೀರಿಯವೆಂದು ವಿಜ್ಞಾನಿಗಳು 2025ರಲ್ಲಿ ಸಾರಿದರು. ಆದರೆ ಎಲ್ಲಿ ಎಷ್ಟು ಅಳಿಯಿತು, ಎಲ್ಲಿ ಮರಿಗಳು ಮರಳಿ ಬಂದವು ಎಂದು ಹೇಳಬೇಕಾದರೆ, ಅಳಿವಿಗೆ ಮುಂಚೆ ಎಷ್ಟಿತ್ತೆಂದು ಯಾರಾದರೂ ಬರೆದಿಟ್ಟಿರಲೇಬೇಕು.

ನಮ್ಮ ಕರ್ನಾಟಕಕ್ಕೂ ಸುಮಾರು 300 ಕಿಲೋಮೀಟರ್ ಕಡಲದಂಡೆಯಿದೆ. ಕಾರವಾರ, ಗೋಕರ್ಣ, ಸೋಮೇಶ್ವರಗಳಲ್ಲಿ ಬಂಡೆಗಳಿವೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವ ಹೆಂಗಸರಿಗೆ ಭರತ ಇಳಿತಗಳ ಗಣಿತ ಪುಸ್ತಕವಿಲ್ಲದೆಯೇ ಕರತಲಾಮಲಕವಾಗಿದೆ. ಆ ತಾಯಂದಿರ ತಿಳಿವಳಿಕೆಯ ಜೊತೆಗೆ ಕರಾವಳಿಯ ಶಾಲೆಗಳ ಮಕ್ಕಳ ಕೈಗೆ ಒಂದು ಚೌಕಟ್ಟನ್ನೂ ಒಂದು ಪೆನ್ಸಿಲನ್ನೂ ಕೊಡುವುದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ; ವರ್ಷ ವರ್ಷವೂ ಅದೇ ಬಂಡೆಗೆ ಮರಳಿ ಕರೆದೊಯ್ಯುವ, ಹಾಳೆಗಳನ್ನು ಜೋಪಾನವಾಗಿ ಕಾಯ್ದಿಡುವ ಒಬ್ಬರು ಬೇಕು.

ನೀರು ಮತ್ತೆ ಏರತೊಡಗಿದಾಗ ಮಕ್ಕಳು ಅಳತೆಪಟ್ಟಿಯನ್ನು ಸುತ್ತಿಕೊಂಡು ಮೇಲಕ್ಕೆ ಬರುತ್ತಾರೆ. ಚೌಕಟ್ಟು ಇದ್ದ ಜಾಗದ ಮೇಲೆ ಮೊದಲ ಅಲೆ ಹಾಯುತ್ತದೆ. ಹಾಳೆಯಲ್ಲಿ ದಿನಾಂಕವಿದೆ, ಎಣಿಸಿದವರ ಹೆಸರಿದೆ, ನಕ್ಷತ್ರಮೀನಿನ ಮುಂದೆ ಸ್ಪಷ್ಟವಾಗಿ ಬರೆದ ಒಂದು ಸೊನ್ನೆಯಿದೆ. ಮುಂದಿನ ವರ್ಷ ಅದೇ ಗುರುತಿನ ಬಳಿ ಬೇರೊಂದು ಮಗು ಮೊಣಕಾಲೂರಿ, ಆ ಸೊನ್ನೆಯನ್ನು ನಂಬಿ, ತನ್ನ ಎಣಿಕೆಯನ್ನು ಆರಂಭಿಸುವುದು.