ನಾಲ್ಕಾಣೆಯ ಹೆಸರು ಉಳಿದದ್ದೇಕೆ?

ಹಿರಿಯರು ‘ನಾಲ್ಕಾಣೆ’, ‘ಎಂಟಾಣೆ’ ಎನ್ನುವುದನ್ನು ನೀವು ಕೇಳಿರಬಹುದು. ಆಣೆ ಹೋಗಿ ಬಹಳ ಕಾಲವಾಯಿತು; ಹೆಸರು ಏಕೆ ಹೋಗಲಿಲ್ಲ?

‘ರೂಪಾಯಿ’ಯ ಮೂಲ ಸಂಸ್ಕೃತದ ‘ರೂಪ್ಯ’, ಅಂದರೆ ಬೆಳ್ಳಿ. ಹದಿನಾರನೆಯ ಶತಮಾನದಲ್ಲಿ ಶೇರ್ ಷಾ ಸೂರಿ ಈ ಹೆಸರಿನ ಬೆಳ್ಳಿ ನಾಣ್ಯವನ್ನು ಚಲಾವಣೆಗೆ ತಂದನು. ಬ್ರಿಟಿಷರ ಕಾಲದಲ್ಲಿ ರೂಪಾಯಿಗೆ 16 ಆಣೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದಿತು; ರೂಪಾಯಿಗೆ 100 ‘ನಯಾ ಪೈಸೆ’ಗಳಾದವು.

ಈಗ ನೀವೇ ಲೆಕ್ಕ ಹಾಕಿ ನೋಡಿ. ನಾಲ್ಕಾಣೆ ಎಂದರೆ ಸರಿಯಾಗಿ 25, ಎಂಟಾಣೆ ಎಂದರೆ 50. ಒಂದಾಣೆ? ಆರೂಕಾಲು! ಕಾಲು ಪೈಸೆಯ ನಾಣ್ಯವನ್ನು ಎಲ್ಲಿಂದ ತರುವುದು? ಆದ್ದರಿಂದ ಪರಿವರ್ತನೆಯ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ನಯಾ ಪೈಸೆ ಎಂದಾಯಿತು. ಅಂಗಡಿಯವನು ಒಂದಾಣೆಯ ಸಾಮಾನಿಗೆ 7 ಕೇಳಿದರೆ, ನಾಲ್ಕು ಸಲ ಕೊಂಡವರಿಗೆ 3 ಪೈಸೆ ನಷ್ಟ. ದಿನವೂ ಬಿಡಿಯಾಗಿ ಕೊಳ್ಳುವ ಬಡವರಿಗೆ ಇದು ಸಣ್ಣ ಮಾತಲ್ಲ.

ಲೆಕ್ಕ ಕೂಡಿಬಂದ ಹೆಸರುಗಳೇ ಜನರ ಬಾಯಲ್ಲಿ ಉಳಿದವು. 1964ರಲ್ಲಿ ‘ನಯಾ’ ಪದವನ್ನು ಕೈಬಿಡಲಾಯಿತು. 25 ಪೈಸೆಯ ಚಲಾವಣೆ 2011ರ ಜೂನ್ 30ಕ್ಕೆ ಕೊನೆಗೊಂಡಿತು. ಎಂಟಾಣೆ ಮಾತ್ರ, ಅಂಗಡಿಯಲ್ಲಿ ಬೇಡವೆಂದರೂ, ಕಾನೂನಿನಂತೆ ಇಂದಿಗೂ ನಾಣ್ಯವೇ.